ಚಕ್ರದ ಗೂಡಿನಲ್ಲಿ ಪಟಪಟ ಸದ್ದು: ಫೆಂಡರ್ ಲೈನರ್ ಕ್ಲಿಪ್ಪುಗಳ ದೋಷ ಪತ್ತೆ ಮತ್ತು ಬದಲಾವಣೆ

ಕಾರಿನ ಚಕ್ರದ ಗೂಡಿನೊಳಗೆ, ಟೈರಿಗೂ ಅದರ ಮೇಲಿನ ಮೈತಗಡಿಗೂ (ಫೆಂಡರಿಗೂ) ನಡುವೆ ಕಮಾನಿನಂತೆ ಬಾಗಿ ಕುಳಿತಿರುವ ಕಪ್ಪು ಪ್ಲಾಸ್ಟಿಕ್ ಹಾಳೆಗೆ ಫೆಂಡರ್ ಲೈನರ್ ಎಂದು ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಅದು ಬರೀ ‘ಲೈನಿಂಗ್’. ಅದನ್ನು ಹಿಡಿದಿಡುವ ಕೆಲಸದ ಬಹುಪಾಲು ಹೆಬ್ಬೆರಳಿನ ಉಗುರಿನಷ್ಟು ತಲೆಯಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳದ್ದು. ಬೋಲ್ಟುಗಳು ಇದ್ದರೂ ಬೆರಳೆಣಿಕೆಯಷ್ಟು. ಟೈರು ಎರಚುವ ನೀರು, ಕೆಸರು, ಜಲ್ಲಿಕಲ್ಲುಗಳು ಎಂಜಿನ್ನಿನ ಬೆಲ್ಟು, ಆಲ್ಟರ್ನೇಟರ್, ಹೆಡ್‌ಲ್ಯಾಂಪಿನ ಹಿಂಬದಿ, ಹಾರ್ನ್ ಮತ್ತು ವೈರಿಂಗ್ ತಲುಪದಂತೆ ಈ ಹಾಳೆ ತಡೆಯುತ್ತದೆ. ಕೆಲವು ಮಾದರಿಗಳಲ್ಲಿ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಯೂ ಇದರ ಹಿಂದೆಯೇ ಇರುತ್ತದೆ.

ಕ್ಲಿಪ್ಪು ತನ್ನಷ್ಟಕ್ಕೆ ತಾನೇ ಉದುರುವುದು ಅಪರೂಪ. ಹಿಂದಿನ ಸಲ ಬಿಚ್ಚಿದವರು ಅದನ್ನು ಸರಿಯಾಗಿ ಕೂರಿಸಿರುವುದಿಲ್ಲ, ಅಥವಾ ಲೈನರನ್ನು ಯಾವುದೋ ಒಂದು ಎಳೆದಿರುತ್ತದೆ, ಇಲ್ಲವೇ ಕ್ಲಿಪ್ಪು ನಿಲ್ಲಬೇಕಾದ ರಂಧ್ರವೇ ಜರುಗಿರುತ್ತದೆ. ಆದ್ದರಿಂದ ಹೊಸ ಕ್ಲಿಪ್ಪು ಒತ್ತುವುದಕ್ಕೆ ಮುಂಚೆ ಹಳೆಯದು ಹೋದದ್ದು ಏಕೆಂದು ಕಂಡುಕೊಳ್ಳದಿದ್ದರೆ, ಅದೇ ಜಾಗಕ್ಕೆ ಮೂರು ತಿಂಗಳಿಗೊಂದರಂತೆ ಕ್ಲಿಪ್ಪು ಹಾಕುತ್ತಲೇ ಇರಬೇಕಾಗುತ್ತದೆ. ಮುಂದಿನ ಭಾಗಗಳನ್ನು ಕಾರು ಓಡಿಸುವವರಿಗೆ ಕಾಣುವ, ಕೇಳುವ ಲಕ್ಷಣಗಳ ಪ್ರಕಾರ ಜೋಡಿಸಿದ್ದೇನೆ. ನಿಮ್ಮ ಕಾರಿನ ಲಕ್ಷಣ ಯಾವುದೋ ಅಲ್ಲಿಂದ ಓದಬಹುದು. ಸುರಕ್ಷತೆಯ ಭಾಗವನ್ನು ಮಾತ್ರ ಯಾರೂ ಬಿಡಬಾರದು.

ಕೈ ಹಾಕುವ ಮುನ್ನ

ಕಾರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು (ಆಟೊಮ್ಯಾಟಿಕ್ ಆದರೆ ‘ಪಿ’ಯಲ್ಲಿಟ್ಟು), ಕೆಲಸ ಮಾಡದ ಕಡೆಯ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಎಂಜಿನ್ ಆರಿಸುವ ಮೊದಲೇ ಸ್ಟೀರಿಂಗನ್ನು ಬೇಕಾದ ಕಡೆಗೆ ಪೂರ್ತಿ ತಿರುಗಿಸಿಟ್ಟುಕೊಂಡರೆ ಮುಂದಿನ ಚಕ್ರದ ಬಹಳಷ್ಟು ಕೆಲಸ ಜಾಕ್ ಇಲ್ಲದೆಯೇ ಮುಗಿಯುತ್ತದೆ. ಎಡ ಗೂಡಿನ ಹಿಂಭಾಗದ, ಅಂದರೆ ಬಾಗಿಲ ಕಡೆಯ ಕ್ಲಿಪ್ಪುಗಳು ಬೇಕಾದರೆ ಸ್ಟೀರಿಂಗ್ ಎಡಕ್ಕೆ, ಬಂಪರಿನ ಕಡೆಯವು ಬೇಕಾದರೆ ಬಲಕ್ಕೆ. ಬಲ ಗೂಡಿಗೆ ಇದರ ತಿರುಗುಮುರುಗು. ಆಮೇಲೆ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಗೂಡಿನೊಳಗೆ ಒಬ್ಬರ ಕೈ ಇರುವಾಗ ಮನೆಯ ಮಗು ಸ್ಟೀರಿಂಗ್ ತಿರುಗಿಸುವುದು ಆಗಬಾರದು.

ಚಕ್ರ ಬಿಚ್ಚಲೇಬೇಕಾದರೆ ಕಾರಿನ ಜೊತೆ ಬರುವ ಜಾಕ್ ಟೈರು ಬದಲಿಸುವುದಕ್ಕೆ ಸಾಕು, ಅದನ್ನೇ ನಂಬಿ ಕೆಳಗೆ ನುಸುಳುವುದಕ್ಕೆ ಸಾಲದು. ಜಾಕ್ ಸ್ಟ್ಯಾಂಡ್ (ಎತ್ತಿದ ಕಾರಿಗೆ ಅಡಿಯಿಂದ ಕೊಡುವ ಗಟ್ಟಿ ಊರೆ) ಇದ್ದರೆ ಅದನ್ನು ಕೊಡಬೇಕು. ಇಲ್ಲದಿದ್ದರೆ ಗೂಡಿನೊಳಗೆ ಕೈಯಷ್ಟೇ ಹೋಗಲಿ, ತಲೆ ಭುಜಗಳು ಹೊರಗೇ ಇರಲಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿಟ್ಟರೆ ಜಾಕ್ ಜಾರಿದಾಗ ಕಾರು ನೆಲಕ್ಕೆ ಬಡಿಯದೆ ಅದರ ಮೇಲೆ ಕೂರುತ್ತದೆ. ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಫ್ಯಾನ್ ಅನೇಕ ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ತಾನಾಗಿ ತಿರುಗಬಹುದು. ಬ್ರೇಕ್ ಡಿಸ್ಕಿನಿಂದ ಚರ್ಮ ಸುಡಬಹುದು. ಆದ್ದರಿಂದ ಓಡಿಸಿ ಬಂದ ಕೂಡಲೇ ಕೆಲಸಕ್ಕೆ ಇಳಿಯಬಾರದು.

ಕನ್ನಡಕ ಮತ್ತು ಕೈಗವಸು ಎರಡನ್ನೂ ಹಾಕಿಕೊಳ್ಳಿ. ಕ್ಲಿಪ್ಪು ಹೊರಬರುವ ಕ್ಷಣದಲ್ಲಿ ಅದರ ಹಿಂದೆ ವರ್ಷಗಟ್ಟಲೆ ಕೂತಿದ್ದ ಒಣಮಣ್ಣು ನೇರವಾಗಿ ಮುಖಕ್ಕೆ ಉದುರುತ್ತದೆ. ಲೈನರಿನ ಹಿಂದಿನ ಬೆಚ್ಚನೆಯ ಪೊಳ್ಳು ಇಲಿಗಳಿಗೆ ಅಚ್ಚುಮೆಚ್ಚಿನ ಜಾಗ. ಕರಾವಳಿ, ಮಲೆನಾಡುಗಳಲ್ಲಿ ಇಲಿ ಜ್ವರದ ಭಯ ಇರುವುದರಿಂದ ಅಲ್ಲಿ ಸಿಕ್ಕ ಹುಲ್ಲು, ಬಟ್ಟೆಚೂರು, ಹಿಕ್ಕೆಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ತೋಟದ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತಿದ್ದ ಕಾರಾದರೆ, ಕೈ ತೂರಿಸುವ ಮೊದಲು ಟಾರ್ಚ್ ಬಿಟ್ಟು ನೋಡಿ. ಇಲಿ ಇದ್ದ ಕಡೆ ಹಾವೂ ಬರುತ್ತದೆ.

ಲಕ್ಷಣ: ವೇಗ ಹೆಚ್ಚಿದಂತೆ ಚಕ್ರದ ಬಳಿ ಪಟಪಟ ಅಥವಾ ಬುರ್‌ಬುರ್ ಸದ್ದು

ಮೊದಲು ಖರ್ಚಿಲ್ಲದ ಪರೀಕ್ಷೆ. ಸದ್ದು ಬರುತ್ತಿರುವ ವೇಗದಲ್ಲಿ, ಹಿಂದೆ ಮುಂದೆ ವಾಹನಗಳಿಲ್ಲದ ನೇರ ರಸ್ತೆಯಲ್ಲಿ, ಕ್ಲಚ್ ಒತ್ತಿ ಎಂಜಿನ್ ಸುತ್ತನ್ನು ಇಳಿಸಿ ಕೇಳಿ. ಎಂಜಿನ್ ಇಳಿದರೂ ಸದ್ದು ಹಾಗೇ ಇದ್ದರೆ ಅದು ಎಂಜಿನ್ನಿನದಲ್ಲ. ಗಾಳಿಯದ್ದು, ಟೈರಿನದು ಅಥವಾ ಬೇರಿಂಗಿನದು. ಗಾಳಿಗೆ ಬಡಿದುಕೊಳ್ಳುವ ಬಟ್ಟೆಯಂತೆ ಏರುಪೇರಾಗಿ, ಎದುರುಗಾಳಿಯಲ್ಲೋ ಲಾರಿ ಪಕ್ಕದಲ್ಲಿ ಹಾದಾಗಲೋ ಹೆಚ್ಚುವ ಸದ್ದಾದರೆ ಲೈನರಿನ ಅಥವಾ ಎಂಜಿನ್ ಕೆಳಗಿನ ಅಂಡರ್ ಕವರಿನ ಅಂಚು ಬಿಟ್ಟಿದೆ ಎಂದೇ ತಿಳಿಯಬಹುದು. ಬೇರಿಂಗಿನ ಸದ್ದು ಹೀಗಿರುವುದಿಲ್ಲ. ಅದು ಒಂದೇ ಸಮನೆ ಗುಂಯ್‌ಗುಡುತ್ತದೆ, ದೀರ್ಘ ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದಾಗ ಏರುತ್ತದೆ ಅಥವಾ ಇಳಿಯುತ್ತದೆ.

ಇವೆರಡನ್ನು ಗೊಂದಲ ಮಾಡಿಕೊಂಡರೆ ಕೈ ಸುಡುತ್ತದೆ. ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟಿದ ಮೇಲೆ, ಎಪ್ಪತ್ತರ ವೇಗದಲ್ಲಿ ನನ್ನ ಕಾರಿನ ಎಡ ಮುಂಭಾಗದಿಂದ ಬಂದ ಗುರುಗುಟ್ಟುವಿಕೆಯನ್ನು ಕೇಳಿದ ಒಬ್ಬ ಮೆಕ್ಯಾನಿಕ್ ಬೇರಿಂಗ್ ಹೋಗಿದೆ ಎಂದು ಎಸ್ಟಿಮೇಟ್ ಬರೆದುಕೊಟ್ಟಿದ್ದರು. ಮನೆಗೆ ಬಂದು ಗೂಡಿನೊಳಗೆ ಅಂಗೈ ಇಟ್ಟು ಒತ್ತಿದಾಗ ಲೈನರಿನ ಬಂಪರ್ ಕಡೆಯ ಅಂಚು ಎರಡು ಬೆರಳಷ್ಟು ಹಿಂದಕ್ಕೆ ಹೋಗಿ, ಬಿಟ್ಟ ಕೂಡಲೇ ಟಪ್ ಎಂದು ಮರಳಿತು. ಬಂಪರಿಗೆ ಬಣ್ಣ ಹೊಡೆಸಿದ್ದಾಗ ಬಿಚ್ಚಿದ ಕ್ಲಿಪ್ಪುಗಳಲ್ಲಿ ಎರಡನ್ನು ವಾಪಸು ಹಾಕಿರಲೇ ಇಲ್ಲ.

ಹಾಗಾಗಿ ಅಂಗೈ ಪರೀಕ್ಷೆ ಎಲ್ಲಕ್ಕಿಂತ ಮೊದಲು. ಗೂಡಿನ ಅಂಚಿನುದ್ದಕ್ಕೂ ಒಂದೊಂದು ಗೇಣಿಗೆ ಲೈನರನ್ನು ಒತ್ತಿ ನೋಡುತ್ತ ಹೋಗಿ. ಕ್ಲಿಪ್ಪು ಇರುವಲ್ಲಿ ಅದು ಅಲುಗಬಾರದು. ಖಾಲಿ ರಂಧ್ರ ಕಂಡರೆ ಎದುರು ಬದಿಯ ಗೂಡಿನಲ್ಲಿ ಅದೇ ಜಾಗವನ್ನು ನೋಡಿ; ಅಲ್ಲಿ ಕ್ಲಿಪ್ಪು ಇದ್ದರೆ ಇಲ್ಲೂ ಇರಬೇಕಿತ್ತು ಎಂದರ್ಥ. ಎರಡೂ ಬದಿಯಲ್ಲಿ ಖಾಲಿ ಇದ್ದರೆ ಅದು ಬೇರೆ ಮಾದರಿಗಾಗಿ ಬಿಟ್ಟ ರಂಧ್ರವಿರಬಹುದು, ಅಥವಾ ಎರಡೂ ಕಡೆ ಬಿಚ್ಚಿದವರು ಒಬ್ಬರೇ ಆಗಿರಬಹುದು. ರಂಧ್ರದ ಸುತ್ತ ಕ್ಲಿಪ್ಪಿನ ತಲೆ ಕೂತಿದ್ದ ದುಂಡನೆಯ ಗುರುತು ಇದೆಯೇ ಎಂದು ನೋಡಿದರೆ ಅನುಮಾನ ಪರಿಹಾರವಾಗುತ್ತದೆ.

ಲಕ್ಷಣ: ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅಥವಾ ಹಿಂದಿನ ಸೀಟು ತುಂಬಿದಾಗ ಉಜ್ಜುವ ಸದ್ದು

ಸದ್ದಿನ ಬಗೆಯೇ ಅರ್ಧ ಉತ್ತರ ಹೇಳುತ್ತದೆ. ಗರಗರ ಎಂದು ಒರಟಾಗಿ ಉಜ್ಜಿದರೆ ಟೈರು ಲೈನರಿಗೆ ತಾಗುತ್ತಿದೆ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಟಕ್‌ಟಕ್ ಎಂದು ಎಣಿಸಬಹುದಾದಂತೆ ಬಡಿದರೆ ಅದು ಆಕ್ಸಲ್ಲಿನ ಸಿ.ವಿ. ಜಾಯಿಂಟ್, ಈ ಕೈಪಿಡಿಯ ವ್ಯಾಪ್ತಿ ಅಲ್ಲಿಗೆ ಮುಗಿಯುತ್ತದೆ. ಚಾಕು ಮಸೆದಂತೆ ತೆಳುವಾಗಿ ಲೋಹದ ಸದ್ದು ಬಂದರೆ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿಚೂರು ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು.

ಟೈರು ತಾಗುತ್ತಿದ್ದರೆ ಲೈನರಿನ ಮೇಲೆ ಆ ಜಾಗ ಹೊಳೆಯುತ್ತದೆ: ಸುತ್ತಲಿನ ಬೂದು ಬಣ್ಣದ ಧೂಳಿನ ನಡುವೆ, ಬೆರಳಗಲದ ನುಣುಪಾದ ಕರಿಪಟ್ಟಿ. ಗುರುತು ಸಿಗದಿದ್ದರೆ ಒಂದು ಸೀಮೆಸುಣ್ಣ ತಂದು ಗೂಡಿನ ಒಳಮೈಗೆ ದಪ್ಪಗೆ ಬಳಿದು, ಖಾಲಿ ಜಾಗದಲ್ಲಿ ನಿಧಾನಕ್ಕೆ ಎಡಕ್ಕೊಂದು ಬಲಕ್ಕೊಂದು ಸುತ್ತು ಹೊಡೆದು ಬನ್ನಿ. ಸುಣ್ಣ ಅಳಿಸಿದ ಕಡೆ ಟೈರು ಮುಟ್ಟಿದೆ. ಎಡಕ್ಕೆ ತಿರುಗಿಸಿದಾಗ ಸದ್ದು ಬಂದ ಮಾತ್ರಕ್ಕೆ ಎಡ ಗೂಡೇ ಎಂದು ತೀರ್ಮಾನಿಸಬಾರದು. ಒಂದು ಟೈರಿನ ಮುಂದಂಚು ಒಳಕ್ಕೆ ಬರುವಾಗ ಇನ್ನೊಂದರ ಹಿಂದಂಚು ಒಳಕ್ಕೆ ಬರುತ್ತದೆ, ಸದ್ದು ಯಾವುದರಿಂದಲೂ ಬರಬಹುದು.

ಇನ್ನು ಕಾರಣಕ್ಕೆ ಬರೋಣ. ತಾಗಿದ ಜಾಗದ ಹತ್ತಿರವೇ ಒಂದು ಕ್ಲಿಪ್ಪು ಇಲ್ಲದಿದ್ದರೆ ಲೈನರ್ ಜೋತು ಬಿದ್ದು ಟೈರಿಗೆ ಸಿಕ್ಕಿದೆ. ಕ್ಲಿಪ್ಪು ಹಾಕಿದರೆ ಕೆಲಸ ಮುಗಿಯಿತು. ಕ್ಲಿಪ್ಪುಗಳೆಲ್ಲ ಸರಿಯಾಗಿದ್ದೂ ಲೈನರ್ ಉಬ್ಬಿಕೊಂಡಿದ್ದರೆ ಅದರ ಹಿಂದೆ ಮಣ್ಣು ತುಂಬಿದೆ. ಧಾರವಾಡ, ಗದಗ, ವಿಜಯಪುರದ ಕಡೆ ಮಳೆಗಾಲದಲ್ಲಿ ಹೊಲದ ದಾರಿ ತುಳಿಯುವ ಕಾರುಗಳಲ್ಲಿ ಎರೆಮಣ್ಣು ಹೀಗೆ ಗೂಡಿನ ಸಂದುಗಳಲ್ಲಿ ತುಂಬಿ ಒಣಗಿ ಇಟ್ಟಿಗೆಯಂತಾಗುತ್ತದೆ. ಅದನ್ನು ನೀರು ಬಿಟ್ಟು ನೆನೆಸಿ ಮರದ ಕಡ್ಡಿಯಿಂದ ಬಿಡಿಸಬೇಕೇ ಹೊರತು ಸ್ಕ್ರೂಡ್ರೈವರಿನಿಂದ ಕುತ್ತಬಾರದು, ಏಕೆಂದರೆ ಹಿಂದೆ ವೈರುಗಳಿವೆ. ಮಣ್ಣೂ ಇಲ್ಲದಿದ್ದರೆ ಟೈರಿನ ಅಳತೆ ನೋಡಿ. 175/65 ಆರ್14 ಅಳತೆಯ ಟೈರಿನ ಜಾಗಕ್ಕೆ ಯಾರೋ 185/70 ಆರ್14 ಹಾಕಿದ್ದರೆ ಟೈರಿನ ಹೊರಮೈ ಲೈನರಿಗೆ ಸುಮಾರು 16 ಮಿ.ಮೀ. ಹತ್ತಿರ ಬಂದಿರುತ್ತದೆ. ಅಂಥಲ್ಲಿ ಎಷ್ಟು ಕ್ಲಿಪ್ಪು ಹಾಕಿದರೂ ಟೈರು ಅವನ್ನು ಒಂದೊಂದಾಗಿ ಕಿತ್ತುಹಾಕುತ್ತದೆ. ಭಾರ ಹೇರಿದಾಗ ಮಾತ್ರ ಸದ್ದು ಬಂದು, ಖಾಲಿ ಕಾರೂ ಒಂದು ಬದಿಗೆ ಕುಸಿದಂತೆ ಕಂಡರೆ ಸ್ಪ್ರಿಂಗನ್ನು ಪರೀಕ್ಷಿಸಲು ಗ್ಯಾರೇಜಿಗೆ ಒಯ್ಯಬೇಕು.

ಲಕ್ಷಣ: ಲೈನರ್ ಅಥವಾ ಅಂಡರ್ ಕವರ್ ಕೆಳಗೆ ಜೋತಾಡುತ್ತದೆ, ಹಂಪಿನಲ್ಲಿ ಕೆರೆಯುತ್ತದೆ

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆ ಉಬ್ಬು 3.7 ಮೀಟರ್ ಅಗಲಕ್ಕೆ ಹರಡಿ 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳು ಎರಡು ಅಡಿ ಅಗಲದಲ್ಲೇ ಆ ಎತ್ತರ ಮುಟ್ಟುತ್ತವೆ. ಅವು ಬಂಪರಿನ ಕೆಳತುಟಿಯನ್ನು ಹಿಂದಕ್ಕೆ ಎಳೆದಾಗ ಮೊದಲು ಬಲಿಯಾಗುವುದು ಲೈನರ್, ಬಂಪರ್ ಮತ್ತು ಅಂಡರ್ ಕವರ್ ಮೂರೂ ಸೇರುವ ಮೂಲೆಯ ಕ್ಲಿಪ್ಪು. ಪಾರ್ಕಿಂಗಿನಲ್ಲಿ ಫುಟ್‌ಪಾತಿನ ಅಂಚಿಗೆ ಮುಂಭಾಗ ತಾಗಿಸಿ, ಮತ್ತೆ ಹಿಂದಕ್ಕೆ ತೆಗೆದಾಗಲೂ ಇದೇ ಆಗುತ್ತದೆ.

ದಾರಿಯಲ್ಲಿ ಹೀಗಾದರೆ ಕಾರು ನಿಲ್ಲಿಸಿ ನೋಡಲೇಬೇಕು. ಜೋತ ಲೈನರನ್ನು ಮುಂದಿನ ಚಕ್ರ ಹತ್ತಿ ಎಳೆದರೆ ಅದು ಒಂದೇ ಸಲಕ್ಕೆ ಹರಿದು, ಜೊತೆಗೆ ಚಕ್ರದ ವೇಗ ಅಳೆಯುವ ಸೆನ್ಸರಿನ ವೈರನ್ನೂ ಕಿತ್ತುಕೊಂಡು ಬರಬಹುದು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎ.ಬಿ.ಎಸ್. (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಉರಿಯುತ್ತದೆ. ತಾತ್ಕಾಲಿಕವಾಗಿ ಎರಡು ಕೇಬಲ್ ಟೈಗಳಿಂದ ರಂಧ್ರಕ್ಕೆ ರಂಧ್ರ ಸೇರಿಸಿ ಬಿಗಿದರೆ ಊರು ಮುಟ್ಟಬಹುದು. ಟೈಯ ಗಂಟು ಟೈರಿನ ಕಡೆಗೆ ಬಾರದಂತೆ, ಬಾಲವನ್ನು ಬುಡಕ್ಕೆ ಕತ್ತರಿಸಿ ಬಿಗಿಯಬೇಕು. ಟೈ ಇಲ್ಲದಿದ್ದರೆ ಜೋತ ಭಾಗವನ್ನು ಹಗ್ಗದಿಂದ ಬಂಪರಿನ ಕಡೆಗೆ ಎಳೆದು ಕಟ್ಟಿ, ಸ್ಟೀರಿಂಗ್ ಎರಡೂ ಕಡೆ ತಿರುಗಿಸಿ ಟೈರು ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ನಿಧಾನಕ್ಕೆ ಹೊರಡಿ.

ಲಕ್ಷಣ: ಹಳೆಯ ಕ್ಲಿಪ್ಪು ಬಿಚ್ಚಲು ಬರುತ್ತಿಲ್ಲ, ಅಥವಾ ಸುಮ್ಮನೆ ತಿರುಗುತ್ತದೆ

ಇಲ್ಲಿ ಬಲಕ್ಕಿಂತ ಗುರುತು ಮುಖ್ಯ. ಬ್ರಷ್ಷಿನಿಂದ ಕ್ಲಿಪ್ಪಿನ ತಲೆಯನ್ನು ತೊಳೆದು, ಟಾರ್ಚ್ ಹಿಡಿದು ಅದು ಯಾವ ಜಾತಿಯದೆಂದು ನೋಡಿ.

ತಲೆಯ ನಡುವೆ ಇನ್ನೊಂದು ಸಣ್ಣ ತಲೆ ಇದ್ದು, ಅದರ ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಕಚ್ಚು ಇದ್ದರೆ ಅದು ಮೇಲಕ್ಕೆ ಎಬ್ಬುವ ಕ್ಲಿಪ್ಪು. ಚಪ್ಪಟೆ ಬಾಯಿಯ ಸಣ್ಣ ಸ್ಕ್ರೂಡ್ರೈವರನ್ನು ಕಚ್ಚಿಗೆ ಕೊಟ್ಟು ನಡುವಿನ ಕಡ್ಡಿಯನ್ನು ಮಾತ್ರ ಎಬ್ಬಬೇಕು; ಕಡ್ಡಿ ಅರ್ಧ ಇಂಚು ಹೊರಬಂದರೆ ಹಿಂದಿನ ಕಾಲುಗಳು ಕೂಡಿಕೊಂಡು ಇಡೀ ಕ್ಲಿಪ್ಪು ಸಡಿಲವಾಗುತ್ತದೆ. ಕಡ್ಡಿಯನ್ನು ಎಬ್ಬದೆ ಹೊರತಲೆಗೇ ಸಲಾಕೆ ಹಾಕಿ ಮೀಟುವುದರಿಂದಲೇ ಹೆಚ್ಚಿನ ಕ್ಲಿಪ್ಪುಗಳು ಸಾಯುವುದು.

ನಡುವಿನ ತಲೆ ಸಪಾಟಾಗಿದ್ದು, ಕಚ್ಚೂ ಇಲ್ಲ, ಸ್ಕ್ರೂ ಗೆರೆಯೂ ಇಲ್ಲದೆ ಬರೀ ಒಂದು ಗುಳಿ ಇದ್ದರೆ ಅದು ಒಳಕ್ಕೆ ಒತ್ತುವ ಕ್ಲಿಪ್ಪು. ಮೊನಚಿಲ್ಲದ ಕಡ್ಡಿಯಿಂದ ನಡುವನ್ನು 2–3 ಮಿ.ಮೀ. ಮಾತ್ರ ಒತ್ತಿ, ‘ಟಕ್’ ಎಂದ ಕೂಡಲೇ ನಿಲ್ಲಿಸಬೇಕು. ಇನ್ನೂ ಒತ್ತಿದರೆ ಕಡ್ಡಿ ಹಿಂದಿನ ಪೊಳ್ಳಿಗೆ ಬಿದ್ದು ಕಳೆದುಹೋಗುತ್ತದೆ. ಮರಳಿ ಹಾಕುವಾಗ ಕಡ್ಡಿಯನ್ನು ಹಿಂದಿನಿಂದ ತಳ್ಳಿ, ಅದರ ತಲೆ ಮೇಲಕ್ಕೆ ಎದ್ದು ನಿಲ್ಲುವಂತೆ ಮಾಡಿಕೊಂಡು, ಕ್ಲಿಪ್ಪನ್ನು ರಂಧ್ರಕ್ಕೆ ಇಳಿಸಿದ ಮೇಲೆ ತಲೆಯನ್ನು ಸಪಾಟಾಗುವವರೆಗೆ ಒತ್ತಬೇಕು. ಈ ಒಂದು ಹೆಜ್ಜೆ ಗೊತ್ತಿಲ್ಲದೆ ಎಷ್ಟೋ ಜನ ಚೆನ್ನಾಗಿರುವ ಕ್ಲಿಪ್ಪನ್ನೇ ‘ಹಿಡಿಯುತ್ತಿಲ್ಲ’ ಎಂದು ಬಿಸಾಡುತ್ತಾರೆ.

ಸ್ಟಾರ್ ಗೆರೆಯಿರುವ ಪ್ಲಾಸ್ಟಿಕ್ ತಲೆಯದು ತಿರುಗಿಸುವ ಕ್ಲಿಪ್ಪು, ಮತ್ತು ಅತಿ ಹೆಚ್ಚು ಕಾಡುವುದು ಇದೇ. ತಿರುಗಿಸುತ್ತೀರಿ, ಅದೂ ತಿರುಗುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಕಾರಣ, ಅದರ ಎಳೆಗಳು ಸವೆದಿವೆ ಅಥವಾ ಮಣ್ಣು ತುಂಬಿದೆ. ಜೊತೆಗೆ ನಾವು ಸ್ಟಾರ್ ಸ್ಕ್ರೂಡ್ರೈವರನ್ನು ಬಲವಾಗಿ ಒತ್ತುವುದರಿಂದ ಹೊರಬರಬೇಕಾದ ಕಡ್ಡಿ ಪ್ರತಿ ಸುತ್ತಿಗೂ ಒಳಕ್ಕೇ ಹೋಗುತ್ತದೆ. ನೀರು ಎರಚಿ ಮಣ್ಣು ಸಡಿಲಿಸಿ, ನಡುತಲೆಯ ಅಂಚಿನಡಿಗೆ ತೆಳುವಾದ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಹಗುರವಾಗಿ ಮೇಲೆತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಸಾಮಾನ್ಯವಾಗಿ ಬರುತ್ತದೆ. ಸ್ಟಾರ್ ಗೆರೆಯೇ ಅಳಿಸಿಹೋಗಿದ್ದರೆ ಆ ಕ್ಲಿಪ್ಪಿನ ಆಸೆ ಬಿಟ್ಟು, ಕಟಿಂಗ್ ಪ್ಲೇಯರಿನಿಂದ ತಲೆಯನ್ನು ಕತ್ತರಿಸುವುದೇ ಒಳ್ಳೆಯದು.

ಒಂದೇ ತುಂಡಿನ, ಹಿಂಬದಿಯಲ್ಲಿ ತೆಂಗಿನ ಗರಿಯಂತೆ ಇಬ್ಬದಿಗೂ ಪಕಳೆಗಳಿರುವ ಕ್ಲಿಪ್ಪು ಒತ್ತಿ ಕೂರಿಸುವಂಥದ್ದು. ಬಿಚ್ಚಿದರೆ ಉಳಿಯುತ್ತದೆಂಬ ಭರವಸೆ ಇಲ್ಲ. ಕವಲು ಬಾಯಿಯ ಕ್ಲಿಪ್ ರಿಮೂವರನ್ನು ತಲೆಯ ಅಂಚಿಗಲ್ಲದೆ ಕಾಂಡದ ಬುಡದವರೆಗೆ ತೂರಿಸಿ ಮೀಟಬೇಕು. ಹೊಸದನ್ನು ತಂದಿಟ್ಟುಕೊಂಡೇ ಇದಕ್ಕೆ ಕೈ ಹಾಕಿ.

ಕೊನೆಯದು ನಿಜವಾದ ಅರ್ಥದ ಪ್ಲಾಸ್ಟಿಕ್ ರಿವೆಟ್. ಅದರ ತಲೆಯಲ್ಲಿ ಕಚ್ಚಿಲ್ಲ, ಗೆರೆಯಿಲ್ಲ, ಒತ್ತಿದರೆ ಜಗ್ಗುವುದೂ ಇಲ್ಲ. ಗನ್ನಿನಲ್ಲಿ ಎಳೆದು ಕೂರಿಸಿದ್ದು. ಡ್ರಿಲ್ಲಿನಿಂದ ತಲೆಯನ್ನು ಮಾತ್ರ ಕೊರೆದು ಉದುರಿಸಿ, ಉಳಿದ ಕಾಂಡವನ್ನು ಹಿಂದಕ್ಕೆ ತಳ್ಳಬೇಕು. ಡ್ರಿಲ್ ಬಿಟ್ಟಿಗೆ ತಲೆಯ ದಪ್ಪದಷ್ಟು ತುದಿ ಬಿಟ್ಟು ಟೇಪ್ ಸುತ್ತಿಕೊಳ್ಳಿ. ಟೇಪಿನ ಗಡಿ ದಾಟಿ ಬಿಟ್ಟು ಒಳಗೆ ಹೋಗಬಾರದು. ಹಿಂದೆ ಏನಿದೆ ಎಂದು ಕಾಣದ ಕಡೆ ಡ್ರಿಲ್ ಹಿಡಿಯುವ ಬದಲು ಈ ಒಂದು ಕೆಲಸವನ್ನು ಗ್ಯಾರೇಜಿಗೆ ಬಿಡುವುದು ನನ್ನ ಸಲಹೆ.

ಇವುಗಳ ನಡುವೆ ಒಂದೆರಡು ಲೋಹದ ಸ್ಕ್ರೂಗಳೂ ಇರುತ್ತವೆ. ಎಲ್ಲ ಕ್ಲಿಪ್ಪು ತೆಗೆದ ಮೇಲೂ ಲೈನರ್ ಒಂದು ಕಡೆ ಹಿಡಿದುಕೊಂಡಿದ್ದರೆ ಎಳೆಯುವುದನ್ನು ನಿಲ್ಲಿಸಿ; ಮಣ್ಣಿನಡಿ ಒಂದು ಸ್ಕ್ರೂ ಅಡಗಿದೆ.

ಲಕ್ಷಣ: ಹೊಸ ಕ್ಲಿಪ್ಪು ಹಾಕಿದರೂ ನಿಲ್ಲುತ್ತಿಲ್ಲ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ‘ಬಂಪರ್ ಕ್ಲಿಪ್ ಕೊಡಿ’ ಎಂದರೆ ಅಂಗಡಿಯವರು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಮುಂದೆ ಸರಿಸುತ್ತಾರೆ. ಅದರಲ್ಲಿ ನೋಡಲು ಒಂದೇ ತೆರನಾದ ಹತ್ತಾರು ಬಗೆ ಇರುತ್ತವೆ. ತಪ್ಪು ಆಗುವುದು ಅಲ್ಲೇ, ಏಕೆಂದರೆ ನಾವು ತಲೆಯ ಅಗಲ ನೋಡಿ ಆರಿಸುತ್ತೇವೆ, ಆದರೆ ಕ್ಲಿಪ್ಪನ್ನು ಹಿಡಿಸುವುದು ಕಾಂಡ.

ಮೂರು ಅಳತೆ ಬೇಕು. ಮೊದಲನೆಯದು ರಂಧ್ರದ ವ್ಯಾಸ. ಕಾರುಗಳಲ್ಲಿ 6ರಿಂದ 10 ಮಿ.ಮೀ. ನಡುವಿನವು ಸಾಮಾನ್ಯ. ವರ್ನಿಯರ್ ಇಲ್ಲದವರು ಡ್ರಿಲ್ ಬಿಟ್ಟುಗಳ ನಯವಾದ ಬುಡವನ್ನೇ ಅಳತೆಗೋಲಾಗಿ ಬಳಸಬಹುದು: 8 ಮಿ.ಮೀ. ಬಿಟ್ಟಿನ ಬುಡ ರಂಧ್ರದಲ್ಲಿ ಅಲುಗದೆ ಕೂತರೆ ರಂಧ್ರ ಎಂಟರದ್ದು. ಲೈನರಿನ ರಂಧ್ರವನ್ನಲ್ಲ, ಅದರ ಹಿಂದಿನ ತಗಡಿನ ಅಥವಾ ಬಂಪರಿನ ರಂಧ್ರವನ್ನು ಅಳೆಯಬೇಕು; ಲೈನರಿನದು ಜೋಡಣೆಯ ಅನುಕೂಲಕ್ಕೆಂದು ಹೆಚ್ಚಾಗಿ ದೊಡ್ಡದಾಗಿ ಅಥವಾ ಉದ್ದುದ್ದವಾಗಿ ಇರುತ್ತದೆ. ಎರಡನೆಯದು ಕ್ಲಿಪ್ಪು ಹಿಡಿಯಬೇಕಾದ ಪದರಗಳ ಒಟ್ಟು ದಪ್ಪ. ಕಾಂಡ ಗಿಡ್ಡವಾದರೆ ಕಾಲುಗಳು ತಗಡಿನ ಹಿಂದೆ ಹೋಗಿ ಅರಳುವುದಿಲ್ಲ, ರಂಧ್ರದೊಳಗೇ ಅರಳಿ ಮೊದಲ ಹಂಪಿಗೆ ಹೊರಬೀಳುತ್ತದೆ; ಉದ್ದವಾದರೆ ಕ್ಲಿಪ್ಪು ಬೀಳುವುದಿಲ್ಲ, ಆದರೆ ಲೈನರ್ ಅದರಡಿ ಕಟಕಟ ಎನ್ನುತ್ತದೆ. ತಲೆಯ ಅಗಲ ಮೂರನೆಯದು: ಅದು ಲೈನರಿನ ರಂಧ್ರವನ್ನು ಸುತ್ತಲೂ ಧಾರಾಳವಾಗಿ ಮುಚ್ಚಬೇಕು. ಮುರಿಯದ ಒಂದು ಹಳೆಯ ಕ್ಲಿಪ್ಪನ್ನು ಜೇಬಿನಲ್ಲಿ ಹಾಕಿಕೊಂಡು ಹೋದರೆ ಇಷ್ಟೆಲ್ಲ ಮಾತು ಬೇಕಾಗುವುದಿಲ್ಲ.

ಅಳತೆ ಸರಿಯಿದ್ದೂ ನಿಲ್ಲದಿದ್ದರೆ ರಂಧ್ರಗಳು ಎದುರುಬದುರಾಗಿ ಕೂತಿಲ್ಲ. ಕ್ಲಿಪ್ಪನ್ನು ಓರೆಯಾಗಿ ತುರುಕಿದಾಗ ಒಂದು ಕಾಲು ಮಾತ್ರ ಅರಳುತ್ತದೆ. ಗೋಣಿಚೀಲ ಹೊಲಿಯುವ ದಬ್ಬಣ ಇಲ್ಲಿ ಬಹಳ ಉಪಯೋಗಿ: ಅದನ್ನು ಎರಡೂ ರಂಧ್ರಗಳಲ್ಲಿ ತೂರಿಸಿ ಜರುಗಿಸಿ ಸಮ ಮಾಡಿ ಹಿಡಿದುಕೊಂಡು, ಪಕ್ಕದ ರಂಧ್ರಕ್ಕೆ ಕ್ಲಿಪ್ಪು ಇಳಿಸಬಹುದು. ಗೂಡಿನ ನೆತ್ತಿಯಿಂದ ಶುರುಮಾಡಿ ಎರಡೂ ತುದಿಗಳ ಕಡೆಗೆ ಬನ್ನಿ. ಎಲ್ಲ ಕ್ಲಿಪ್ಪುಗಳನ್ನು ಮೊದಲು ಸಡಿಲವಾಗಿ ರಂಧ್ರಗಳಲ್ಲಿ ಕೂರಿಸಿ, ಲೈನರ್ ಎಲ್ಲೂ ಸೆಳೆದುಕೊಂಡಿಲ್ಲವೆಂದು ನೋಡಿಕೊಂಡ ಮೇಲಷ್ಟೇ ಕಡ್ಡಿಗಳನ್ನು ಒತ್ತಬೇಕು. ಒಂದು ತುದಿಯಿಂದ ಬಿಗಿಯುತ್ತ ಬಂದರೆ ಕೊನೆಯ ಎರಡು ರಂಧ್ರಗಳು ಎಂದೂ ಸೇರುವುದಿಲ್ಲ.

ದಬ್ಬಣಕ್ಕೂ ಬಗ್ಗದಷ್ಟು ದೂರ, ಅಂದರೆ ಒಂದು ಸೆಂಟಿಮೀಟರಿನಷ್ಟು ಅಂತರ ಉಳಿದರೆ ದೋಷ ಬಂಪರಿನದು. ಬಂಪರಿನ ಮೂಲೆಯನ್ನು ಫೆಂಡರಿಗೆ ಸೇರಿಸುವ ಬ್ರಾಕೆಟ್ ಮುರಿದಿರುತ್ತದೆ ಅಥವಾ ಬಂಪರ್ ಅದರ ಕೊಂಡಿಯಿಂದ ಜಾರಿರುತ್ತದೆ. ಹೊರಗಿನಿಂದ ನೋಡಿದರೆ ಬಂಪರಿಗೂ ಫೆಂಡರಿಗೂ ನಡುವಿನ ಸಂದು ಎರಡು ಬದಿಯಲ್ಲಿ ಒಂದೇ ಸಮ ಇರುವುದಿಲ್ಲ. ಅಲ್ಲಿ ಮೊದಲು ಬ್ರಾಕೆಟ್ ಸರಿಯಾಗಬೇಕು.

ಕ್ಲಿಪ್ಪಿನ ಗುಣಮಟ್ಟದ ಬಗ್ಗೆಯೂ ಒಂದು ಮಾತು. ನೈಲಾನ್ ಒಣಗಿದಾಗ ಪೆಡಸು, ತೇವ ಹೀರಿದಾಗ ಮೆದು. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕ್ಲಿಪ್ಪಿನ ಕಾಲು ಒತ್ತುವಾಗಲೇ ಲಟಕ್ಕೆಂದು ಮುರಿದರೆ, ಉಳಿದವನ್ನು ಒಂದು ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿ ಆಮೇಲೆ ಪ್ರಯತ್ನಿಸಿ. ಬೆರಳಲ್ಲಿ ಬಗ್ಗಿಸಿದಾಗಲೇ ಬಿಳಿಗೆರೆ ಮೂಡುವ ಕ್ಲಿಪ್ಪುಗಳನ್ನು ನೀರೂ ಉಳಿಸಲಾರದು.

ಲಕ್ಷಣ: ಕ್ಲಿಪ್ಪು ಇದೆ, ಆದರೆ ಅದರ ಸುತ್ತಲಿನ ಲೈನರೇ ಹರಿದಿದೆ

ರಂಧ್ರ ಸ್ವಲ್ಪ ಅಗಲವಾಗಿದ್ದರೆ ಅಗಲ ತಲೆಯ ಕ್ಲಿಪ್ಪು, ಅಥವಾ ತಲೆಯಡಿಗೆ ದೊಡ್ಡ ಪ್ಲಾಸ್ಟಿಕ್ ಇಲ್ಲವೇ ರಬ್ಬರ್ ವಾಷರ್ ಸಾಕು. ಹಳೆಯ ಟ್ಯೂಬಿನಿಂದ ರೂಪಾಯಿ ನಾಣ್ಯದಗಲ ಕತ್ತರಿಸಿ ನಡುವೆ ತೂತು ಮಾಡಿದ ವಾಷರ್ ನನ್ನ ಕಾರಿನಲ್ಲಿ ಎರಡು ಮಳೆಗಾಲ ದಾಟಿದೆ. ಅಂಚಿನವರೆಗೆ ಸೀಳಿದ್ದರೆ ಸೀಳಿನ ಇಬ್ಬದಿ ಸಣ್ಣ ತೂತುಗಳನ್ನು ಮಾಡಿ, ತೆಳುವಾದ ಕೇಬಲ್ ಟೈಗಳಿಂದ ಹೊಲಿದಂತೆ ಬಿಗಿಯಬಹುದು. ಸೀಳು ಮುಂದುವರಿಯದಂತೆ ಅದರ ತುದಿಯಲ್ಲಿ ಒಂದು ದುಂಡನೆಯ ತೂತು ಕೊರೆಯುವುದನ್ನು ಮರೆಯಬಾರದು. ಅಂಟಿನಿಂದ ಮಾತ್ರ ಏನೂ ಆಗದು: ಗಟ್ಟಿ ಲೈನರುಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಆಗಿರುವುದರಿಂದ ಮಾಮೂಲಿ ಅಂಟುಗಳು ಅವಕ್ಕೆ ಹಿಡಿಯುವುದಿಲ್ಲ, ಒಣಗಿದ ಮೇಲೆ ಹಪ್ಪಳದಂತೆ ಕಳಚಿ ಬರುತ್ತವೆ.

ಮರದ ಕೆಲಸದ ಸ್ಕ್ರೂ ಹಾಕಿ ಬಿಗಿಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಪರಿಚಯದವರೊಬ್ಬರ ಕಾರಿನಲ್ಲಿ ವೈಪರಿಗೆ ತುಂಬಿದ ನೀರು ವಾರದೊಳಗೆ ಮಾಯವಾಗುತ್ತಿತ್ತು. ಪಂಪು ಬದಲಾಯಿತು, ಪೈಪು ಬದಲಾಯಿತು, ನೀರು ಮಾತ್ರ ನಿಲ್ಲಲಿಲ್ಲ. ಕಡೆಗೆ ಲೈನರ್ ಬಿಚ್ಚಿದಾಗ, ಕ್ಲಿಪ್ಪಿನ ಬದಲು ಯಾರೋ ಹಾಕಿದ್ದ ಒಂದಿಂಚಿನ ಸ್ಕ್ರೂವಿನ ಮೊನೆ ಹಿಂದಿದ್ದ ನೀರಿನ ಡಬ್ಬಿಯನ್ನು ಚುಚ್ಚಿಕೊಂಡು ನಿಂತಿತ್ತು. ತೂತಿನ ಕೆಳಗೆ ನೀರು ಇಳಿದ ಬಿಳಿ ಕರೆ, ಸ್ಕ್ರೂವಿನ ಸುತ್ತ ತುಕ್ಕಿನ ಕೆಂಪು ಉಂಗುರ. ಅಲ್ಲಿ ಡಬ್ಬಿಯ ಬದಲು ವೈರಿನ ಕಟ್ಟು ಇದ್ದಿದ್ದರೆ ಅದು ನೀರು ಸೋರಿದ್ದಕ್ಕೇ ಮುಗಿಯುತ್ತಿರಲಿಲ್ಲ. ಸ್ಕ್ರೂವಿನ ತಲೆ ಸಡಿಲವಾಗಿ ಟೈರಿನ ಕಡೆಗೆ ಎದ್ದರೆ ಟೈರಿನ ಬದಿಯನ್ನೇ ಸೀಳಬಹುದು. ಪ್ಲಾಸ್ಟಿಕ್ ಕ್ಲಿಪ್ಪು ಟೈರಿಗೆ ಸಿಕ್ಕಿದರೆ ತಾನು ಮುರಿಯುತ್ತದೆ, ಟೈರನ್ನು ಉಳಿಸುತ್ತದೆ.

ಲಕ್ಷಣ: ಮಳೆಯಲ್ಲಿ ಓಡಿಸಿದ ಮೇಲೆ ಬೆಲ್ಟು ಕಿರುಚುತ್ತದೆ, ಹಾರ್ನ್ ಕಟ್ಟುತ್ತದೆ, ಲ್ಯಾಂಪಿನೊಳಗೆ ಹನಿ ಕಾಣುತ್ತದೆ

ಈ ಮೂರರಲ್ಲಿ ಯಾವುದೇ ಒಂದಕ್ಕೆ ಬೇರೆ ಕಾರಣಗಳು ಇರಬಹುದು. ಆದರೆ ಒಂದೇ ಬದಿಯಲ್ಲಿ, ನೀರು ನಿಂತ ರಸ್ತೆ ದಾಟಿದ ಕೂಡಲೇ ಶುರುವಾಗಿ, ಒಣಗಿದ ಮೇಲೆ ತಾನೇ ನಿಂತರೆ ಬೆಲ್ಟು ಬದಲಿಸುವ ಮೊದಲು ಆ ಬದಿಯ ಲೈನರನ್ನು ನೋಡಿ. ಲೈನರ್ ಪೂರ್ತಿ ಇಲ್ಲದ ಕಾರನ್ನು ಮಳೆಗಾಲದಲ್ಲಿ ಓಡಿಸಬಾರದು. ಗಾಳಿಕೊಳವೆಯ ಬಾಯಿ ಅಲ್ಲೇ ಇರುವ ಮಾದರಿಗಳಲ್ಲಿ ಚಕ್ರ ಎರಚಿದ ನೀರನ್ನು ಎಂಜಿನ್ ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗುವವರೆಗೂ ಹೋಗಬಹುದು. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಪ್ರಯತ್ನಿಸದೆ ಎಳೆಸಿಕೊಂಡು ಹೋಗಬೇಕು.

ಎಲ್ಲಿ ಕೈ ನಿಲ್ಲಿಸಬೇಕು

ಲೈನರ್ ಸರಿಸಿದಾಗ ಇಲಿ ಕಡಿದ ವೈರು, ತಾಮ್ರ ಹೊರಬಿದ್ದ ಕನೆಕ್ಟರ್ ಕಂಡರೆ ಲೈನರನ್ನು ಮತ್ತೆ ಮುಚ್ಚುವ ಮೊದಲು ಆಟೊ ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ಹಳದಿ ಬಣ್ಣದ ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸಂಬಂಧಿಸಿದವು. ಅವನ್ನು ಎಳೆಯಬಾರದು, ಬಿಚ್ಚಬಾರದು. ವಿದ್ಯುತ್ ಕಾರು ಅಥವಾ ಹೈಬ್ರಿಡ್‌ನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಪ್ರಾಣಾಪಾಯದ ವೋಲ್ಟೇಜ್ ಹೊತ್ತ ದಾರಿ; ಅದರ ಹತ್ತಿರ ಡ್ರಿಲ್ ಇರಲಿ, ಸ್ಕ್ರೂಡ್ರೈವರ್ ಕೂಡ ಹೋಗಕೂಡದು. ಫೆಂಡರಿನ ತಗಡು ರಂಧ್ರದ ಸುತ್ತ ತುಕ್ಕು ತಿಂದು ಪುಡಿಯಾಗುತ್ತಿದ್ದರೆ ಕ್ಲಿಪ್ಪಿಗೆ ಆಸರೆಯೇ ಇಲ್ಲ, ಟಿಂಕರಿಂಗ್ ಕೆಲಸದವರು ನೋಡಬೇಕು. ಟೈರಿನ ಬದಿಯಲ್ಲಿ ಲೈನರಿನ ಅಂಚೋ ಸ್ಕ್ರೂವೋ ಗೀರಿ ಒಳಗಿನ ದಾರ ಕಾಣುತ್ತಿದ್ದರೆ ಆ ಟೈರಿನ ಮೇಲೆ ಒಂದು ಕಿಲೋಮೀಟರ್ ಕೂಡ ಹೋಗದೆ ಸ್ಟೆಪ್ನಿ ಹಾಕಿಕೊಳ್ಳಿ. ವಾರಂಟಿ ಇನ್ನೂ ಇರುವ ಕಾರಾದರೆ, ಅಥವಾ ಅಪಘಾತದ ನಂತರ ಕ್ಲಿಪ್ಪುಗಳು ಹೋಗಿದ್ದರೆ, ಏನನ್ನೂ ಬಿಚ್ಚುವ ಮುನ್ನ ನಾಲ್ಕಾರು ಫೋಟೋ ತೆಗೆದಿಟ್ಟುಕೊಳ್ಳುವುದು ಕ್ಲೇಮಿನ ದೃಷ್ಟಿಯಿಂದ ಜಾಣತನ.

ಕೆಲಸ ಮುಗಿದ ಮೇಲೆ ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ ಟೈರು ಎಲ್ಲೂ ತಾಗುವುದಿಲ್ಲವೆಂದು ನೋಡಿ. ಚಕ್ರ ಬಿಚ್ಚಿದ್ದರೆ ಕಾರನ್ನು ನೆಲಕ್ಕಿಳಿಸಿದ ನಂತರ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಸುಮಾರು 50 ಕಿ.ಮೀ. ಓಡಿಸಿ ಬಂದು ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿ, ಗೂಡಿನಲ್ಲೂ ಅಂಗೈ ಪರೀಕ್ಷೆ ಮಾಡಿ, ಎಲ್ಲ ಕ್ಲಿಪ್ಪುಗಳ ತಲೆ ಸಪಾಟಾಗಿದೆಯೇ ಎಂದು ಎಣಿಸಿ. ಒಂದೇ ಒಂದು ಕಡ್ಡಿ ಎದ್ದು ನಿಂತಿದ್ದರೆ ಅದನ್ನು ಒತ್ತಿ ಸುಮ್ಮನಾಗದೆ ಆ ಜಾಗದ ರಂಧ್ರಗಳನ್ನು ದಬ್ಬಣದಿಂದ ಮತ್ತೆ ಸಮ ಮಾಡಿ. ಉಳಿದ ನಾಲ್ಕು ಕ್ಲಿಪ್ಪು ಮತ್ತು ಎರಡು ಕೇಬಲ್ ಟೈಗಳನ್ನು ಸ್ಟೆಪ್ನಿಯ ಪಕ್ಕ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ರಂಧ್ರದ ಅಳತೆಯನ್ನು ಅದರ ಮುಚ್ಚಳದ ಮೇಲೆ ಬರೆದಿಡಿ.